ದೀವಟಿಗೆಯ ಕಾಲಕ್ಕೆ ಬೆಳಕು ಕಟ್ಟುವುದು: ಮಧ್ಯಯುಗದ ಸಂಗೀತ ನಾಟಕಕ್ಕೆ ರಂಗಬೆಳಕಿನ ವಿನ್ಯಾಸ

ಮಧ್ಯಯುಗದ ಕಥೆಯೊಂದನ್ನು ಸಂಗೀತ ನಾಟಕವಾಗಿ ರಂಗಕ್ಕೆ ತರುವಾಗ ಬೆಳಕಿನ ವಿನ್ಯಾಸಕ ಪ್ರತಿ ದೃಶ್ಯಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಬೆಳಕು ಎಲ್ಲಿಂದ ಬರುತ್ತಿದೆ? ಬಣ್ಣ, ತೀವ್ರತೆ, ಉಪಕರಣಗಳ ಸಂಖ್ಯೆ ಇವೆಲ್ಲ ಆ ಉತ್ತರದ ಹಿಂದೆ ಬರತಕ್ಕವು. ವಿದ್ಯುತ್ತು ಬಂದ ಮೇಲೆ ಬೆಳಕು ಕೋಣೆಯ ತುಂಬ ಸಮನಾಗಿ ಹರಡಿಕೊಳ್ಳುವುದನ್ನು ನಾವು ಸಹಜವೆಂದು ತಿಳಿದಿದ್ದೇವೆ. ಆದರೆ ಆರುನೂರು ವರ್ಷಗಳ ಹಿಂದೆ ಬೆಳಕೆಂದರೆ ಒಂದು ಬಾಗಿಲು, ಒಂದು ಅಂಗಳ, ಒಂದು ಕಾಲುದೀಪ ಅಥವಾ ಯಾರದೋ ಕೈಯಲ್ಲಿದ್ದ ಸೂಟೆ, ಅಂದರೆ ಒಣಗರಿಯ ಪಂಜು. ಅದಕ್ಕೊಂದು ನೆಲೆಯಿತ್ತು, ಅದರಿಂದ ನಾಲ್ಕು ಮಾರು ದೂರ ಸರಿದವನು ಕತ್ತಲಿಗೆ ಸೇರುತ್ತಿದ್ದ. ಈ ನೆಲೆಯನ್ನು ರಂಗದ ಮೇಲೆ ಕಾಣಿಸಿದರೆ ಕಾಲ ತಾನಾಗಿಯೇ ಮೂಡುತ್ತದೆ. ನೆಲೆಯಿಲ್ಲದ ಬೆಳಕನ್ನು ಎಷ್ಟು ಕೇಸರಿಯಾಗಿ ಸುರಿದರೂ ಅದು ಮದುವೆ ಮಂಟಪದ ಅಲಂಕಾರವಾಗಿ ಉಳಿಯುತ್ತದೆ.

ಕರಾವಳಿಯ ನಮಗೆ ಈ ವಿಚಾರದಲ್ಲಿ ಒಂದು ಅನುಕೂಲವಿದೆ. ಯಕ್ಷಗಾನದ ರಂಗಸ್ಥಳ ಗ್ಯಾಸ್‌ಲೈಟಿಗೂ ಆ ಬಳಿಕ ವಿದ್ಯುತ್ತಿಗೂ ಬರುವ ಮೊದಲು ದೀವಟಿಗೆಯ ಬೆಳಕಿನಲ್ಲಿಯೇ ಬೆಳೆದದ್ದು, ಮತ್ತು ಇಂದಿಗೂ ದೈವದ ಕೋಲಗಳಲ್ಲಿ ದೀವಟಿಗೆಯ ಬೆಳಕು ಮುಖವರ್ಣಿಕೆಯ ಮೇಲೆ ಆಡುವುದನ್ನು ಹತ್ತಿರದಿಂದ ನೋಡಬಹುದು. ವಿನ್ಯಾಸಕ್ಕೆ ಕೈಹಾಕುವ ಮುನ್ನ ಅಂಥ ಒಂದು ರಾತ್ರಿಯನ್ನು ಬೆಳಕಿನ ಕಡೆಗೇ ಗಮನವಿಟ್ಟು ಕಳೆಯಿರಿ. ಜ್ವಾಲೆ ಮುಖದ ಮಟ್ಟದಲ್ಲಿರುವುದು, ನೆರಳು ಮೇಲಕ್ಕೆ ಏರುವುದು, ನೀಲಿ ಬಟ್ಟೆ ಕಪ್ಪಾಗಿ ಕಾಣುವುದು, ಹೊಗೆಯ ನಡುವೆ ಕೆಂಪು ಉರಿಯುವುದು ಇವನ್ನು ಒಮ್ಮೆ ಕಣ್ಣಿನಲ್ಲಿ ತುಂಬಿಕೊಂಡವನಿಗೆ ಮುಂದಿನ ಕೆಲಸದ ಅರ್ಧ ತಿಳಿದಂತೆ.

ಈ ಬರಹದುದ್ದಕ್ಕೂ ಒಂದು ಕಲ್ಪಿತ ನಾಟಕವನ್ನು ಎದುರಿಗಿಟ್ಟುಕೊಳ್ಳುತ್ತೇನೆ. ಕಾಲ 1430ರ ಆಸುಪಾಸು. ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ ಎದ್ದ ವರ್ಷ 1430, ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿಯ ವಿಗ್ರಹ ನಿಂತದ್ದು 1432ರಲ್ಲಿ. ಕಥೆಯಲ್ಲಿ ಬಾರಕೂರಿನ ಒಬ್ಬ ವರ್ತಕ, ಬಸದಿಯ ಕೆಲಸಕ್ಕೆ ಬಂದ ಒಬ್ಬ ಶಿಲ್ಪಿ, ಹಾಡುವ ಅವನ ಮಗಳು ಇದ್ದಾರೆಂದೂ, ದೃಶ್ಯಗಳು ನಸುಕಿನ ಬಂದರು, ಬಸದಿಯ ಒಳಗು, ಮಳೆಗಾಲದ ಮನೆ, ಸೂಟೆಗಳ ಮೆರವಣಿಗೆ, ಬೆಳದಿಂಗಳ ಗದ್ದೆಯ ಹುಣಿ ಎಂದೂ ಇಟ್ಟುಕೊಳ್ಳೋಣ.

ಮೊದಲ ಹಂತ: ನಾಟಕವನ್ನು ಬೆಳಕಿಗಾಗಿ ಓದುವುದು

ನಾಟಕದ ಪ್ರತಿಯನ್ನು ಮೂರು ಬಾರಿ ಓದಬೇಕು. ಮೊದಲ ಓದು ಕಥೆಗಾಗಿ. ಎರಡನೆಯ ಓದಿನಲ್ಲಿ ಪ್ರತಿ ದೃಶ್ಯದ ಬದಿಯಲ್ಲಿ ಹೊತ್ತು, ಋತು, ಒಳಗೋ ಹೊರಗೋ ಎಂಬುದು ಮತ್ತು ಬೆಳಕಿನ ಮೂಲ ಎಂದು ನಾಲ್ಕು ಸಂಗತಿಗಳನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ಮೂರನೆಯ ಓದನ್ನು ಸಂಗೀತ ನಿರ್ದೇಶಕರ ಜೊತೆ ಕುಳಿತು ಮಾಡಬೇಕು. ಹಾಡು ಎಲ್ಲಿ ಆರಂಭವಾಗುತ್ತದೆ, ಯಾವ ತಾಳ, ಯಾವ ನಡೆ, ಆಲಾಪನೆ ಎಷ್ಟು ಹೊತ್ತು, ಮುಕ್ತಾಯ ಹೇಗೆ ಎಂಬುದನ್ನೆಲ್ಲ ಆಗಲೇ ಗುರುತಿಸಿಕೊಂಡರೆ ಕೊನೆಯ ವಾರದ ಗಡಿಬಿಡಿ ಬಹಳ ಕಡಿಮೆಯಾಗುತ್ತದೆ. ಮೂಲದ ಅಂಕಣ ಖಾಲಿಯಾಗಿ ಉಳಿದ ದೃಶ್ಯವಿದ್ದರೆ ನಿರ್ದೇಶಕರನ್ನು ಕೇಳಿ ತುಂಬಿಸಿಕೊಳ್ಳಿ. "ಸಾಮಾನ್ಯ ಬೆಳಕು" ಎಂಬ ಉತ್ತರಕ್ಕೆ ಒಪ್ಪಬೇಡಿ.

ಆ ಕಾಲಕ್ಕೆ ಸೇರದ್ದನ್ನು ಹೊರಗಿಡುವುದು

ನಮ್ಮೂರಿನ ಹಳೆಯ ಮನೆ ಎಂದೊಡನೆ ಕಣ್ಣಿಗೆ ಕಟ್ಟುವ ಚಿತ್ರ ಬಹುಪಾಲು ಹತ್ತೊಂಬತ್ತನೆಯ ಶತಮಾನದ್ದು. ಮಂಗಳೂರು ಹಂಚಿನ ಕಾರ್ಖಾನೆಗಳು ಬಂದದ್ದು 1860ರ ದಶಕದಲ್ಲಿ, ಬಾಸೆಲ್ ಮಿಷನ್ನಿನವರ ಕಾಲದಲ್ಲಿ. ಆದ್ದರಿಂದ ಹಂಚಿನ ನಡುವಿನ ಗಾಜಿನ ಹಂಚಿನಿಂದ ಇಳಿಯುವ ಚೌಕಾಕಾರದ ಬಿಸಿಲುಕೋಲು ಎಷ್ಟೇ ಸುಂದರವಾಗಿದ್ದರೂ 1430ರ ಮನೆಗೆ ಸೇರುವುದಿಲ್ಲ. ಮುಳಿಹುಲ್ಲಿನ ಮಾಡು ಮೇಲಿನಿಂದ ಬೆಳಕನ್ನು ಬಿಡದು. ಬೆಳಕು ತಗ್ಗಿದ ಸೂರಿನ ಅಡಿಯಿಂದ, ಅಂಗಳಕ್ಕೆ ಬಡಿದು ಪುಟಿದು, ಕೆಳಗಿನಿಂದ ಒಳಕ್ಕೆ ಬರುತ್ತದೆ. ಇದು ವಿನ್ಯಾಸಕನಿಗೆ ಸಿಗುವ ಬಹು ದೊಡ್ಡ ಸುಳಿವು. ಮನೆಯ ದೃಶ್ಯಕ್ಕೆ ಮೇಲ್ಬೆಳಕನ್ನು ತೀರ ಕಡಿಮೆ ಮಾಡಿ, ಪಕ್ಕದಿಂದ ಎದೆಮಟ್ಟಕ್ಕಿಂತ ಕೆಳಗಿಟ್ಟ ದೀಪವೊಂದನ್ನು ಜಗಲಿಯ ಕಡೆಯಿಂದ ಬಿಟ್ಟರೆ ಹುಲ್ಲಿನ ಮಾಡನ್ನು ಕಟ್ಟದೆಯೇ ಅದರ ಭಾರ ಪ್ರೇಕ್ಷಕನಿಗೆ ತಿಳಿಯುತ್ತದೆ.

ಹಾಗೆಯೇ ಚಿಮಿಣಿ ದೀಪ, ಲಾಟೀನು, ಗಾಜಿನ ಗೋಳದ ದೀಪ ಇವೆಲ್ಲ ಸೀಮೆಎಣ್ಣೆಯ ಕಾಲದವು. ರಂಗಸಜ್ಜಿಕೆಯವರು ಹಳೆಯದೆಂಬ ಭಾವನೆಯಿಂದ ಲಾಟೀನು ತಂದಿಟ್ಟರೆ ಸಮಾಧಾನದಿಂದ ಹಿಂದಿರುಗಿಸಿ. ಮಣ್ಣಿನ ಹಣತೆ, ಲೋಹದ ಕಾಲುದೀಪ, ತೂಗುದೀಪ, ಬಟ್ಟೆ ಸುತ್ತಿ ಎಣ್ಣೆಯಲ್ಲಿ ಅದ್ದಿದ ದೀವಟಿಗೆ, ಒಣ ತೆಂಗಿನಗರಿಯ ಸೂಟೆ, ಅಡುಗೆ ಒಲೆಯ ಕೆಂಡ ಇಷ್ಟು ಸಾಕು. ಎಣ್ಣೆ ತೆಂಗಿನದೋ ಎಳ್ಳಿನದೋ ಹೊನ್ನೆಯದೋ ಎಂಬುದನ್ನು ಪ್ರೇಕ್ಷಕ ಕಾಣಲಾರನಾದರೂ, ದೀಪ ಹಚ್ಚುವ ನಟಿಗೆ ಅದು ಗೊತ್ತಿದ್ದರೆ ಅವಳ ಕೈಯ ನಡೆ ಬೇರೆಯಾಗುತ್ತದೆ.

ಜ್ವಾಲೆಯ ಬಣ್ಣವನ್ನು ಹಿಡಿಯುವುದು

ಎಣ್ಣೆಯ ಬತ್ತಿಯ ಜ್ವಾಲೆಯ ವರ್ಣತಾಪ ಸುಮಾರು 1900 ಕೆಲ್ವಿನ್. ರಂಗದ ಹ್ಯಾಲೋಜನ್ ದೀಪ ಪೂರ್ಣ ಉರಿಯಲ್ಲಿ 3200 ಕೆಲ್ವಿನ್, ನಡುಹಗಲಿನ ಬೆಳಕು 5600 ಕೆಲ್ವಿನ್ ಸುಮಾರಿನದು. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಕೆಂಪು ಹಳದಿಯ ಕಡೆಗೆ ವಾಲುತ್ತದೆ. ಹ್ಯಾಲೋಜನ್ ದೀಪವನ್ನು ಡಿಮ್ಮರಿನಲ್ಲಿ (ಬೆಳಕನ್ನು ಏರಿಸಿ ಇಳಿಸುವ ಸಾಧನದಲ್ಲಿ) ಇಳಿಸಿದಂತೆ ಅದರ ತಂತಿ ತಣಿದು ಬಣ್ಣ ತಾನೇ ಬೆಚ್ಚಗಾಗುತ್ತದೆ. ಜ್ವಾಲೆಯ ನಾಟಕಕ್ಕೆ ಇದು ವರವೇ ಸರಿ. 3200 ಕೆಲ್ವಿನ್ನಿನ ದೀಪದ ಮುಂದೆ ಲೀ ಕಂಪನಿಯ 206ನೆಯ ಜೆಲ್ ಹಾಳೆಯನ್ನು (ಬೆಳಕಿಗೆ ಬಣ್ಣ ಕೊಡುವ ಪಾರದರ್ಶಕ ಹಾಳೆ) ಇಟ್ಟರೆ ಬೆಳಕು ಸುಮಾರು 2650ಕ್ಕೂ, 205ನೆಯದನ್ನು ಇಟ್ಟರೆ 2400ರ ಹತ್ತಿರಕ್ಕೂ, 204ನೆಯದನ್ನು ಇಟ್ಟರೆ 2100ರ ಸುಮಾರಿಗೂ ಇಳಿಯುತ್ತದೆ. ಹಾಡುವವರ ಮುಖಕ್ಕೆ 206, ದೀಪದ ಹತ್ತಿರದ ವಲಯಕ್ಕೆ 205, ಒಲೆ ಮತ್ತು ಸೂಟೆಗೆ 204 ಎಂದು ಮೂರು ಮೆಟ್ಟಿಲು ಮಾಡಿಕೊಳ್ಳುವುದು ನನ್ನ ರೂಢಿ. ಎಲ್ಲಕ್ಕೂ ಒಂದೇ ಹಾಳೆಯನ್ನು ಹಾಕಿದರೆ ಹತ್ತು ನಿಮಿಷದಲ್ಲಿ ಪ್ರೇಕ್ಷಕನ ಕಣ್ಣು ಆ ಬಣ್ಣಕ್ಕೆ ಒಗ್ಗಿ ಅದನ್ನೇ ಬಿಳಿಯೆಂದು ತಿಳಿಯತೊಡಗುತ್ತದೆ. ಮೆಟ್ಟಿಲುಗಳಿದ್ದಾಗ ಮಾತ್ರ ಬೆಚ್ಚಗಿನದು ಬೆಚ್ಚಗೆ ಉಳಿಯುತ್ತದೆ.

ಆದರೆ ಇಂದು ಮಂಗಳೂರು, ಉಡುಪಿಯಲ್ಲಿ ಬಾಡಿಗೆಗೆ ಸುಲಭವಾಗಿ ಸಿಗುವುದು ಡಬ್ಬಿಯಾಕಾರದ ರಂಗದೀಪಗಳಾದ ಎಲ್‌ಇಡಿ ಪಾರ್‌ಗಳು. ಅವನ್ನು ದೂರ ತಳ್ಳಬೇಕಾಗಿಲ್ಲ, ಅವುಗಳ ಸ್ವಭಾವವನ್ನು ಅರಿತರೆ ಸಾಕು. ಇಳಿಸಿದಾಗ ಅವು ಬೆಚ್ಚಗಾಗುವುದಿಲ್ಲ, ಬರಿದೆ ಮಂಕಾಗುತ್ತವೆ. ಕೆಂಪು, ಹಸಿರು, ನೀಲಿ ಮೂರೇ ಬಣ್ಣಗಳ ದೀಪದಲ್ಲಿ ಮೂಡಿಸಿದ ಕೇಸರಿ ಮೈಬಣ್ಣವನ್ನು ಸತ್ತಂತೆ ಕಾಣಿಸುತ್ತದೆ. ಆದ್ದರಿಂದ ಬಾಡಿಗೆಯವರನ್ನು ಅಂಬರ್ ಮತ್ತು ಬೆಚ್ಚನೆಯ ಬಿಳಿ ಸೇರಿದ ದೀಪಗಳಿವೆಯೇ ಎಂದು ಮೊದಲೇ ಕೇಳಿ. ಬಣ್ಣದ ಅಳತೆಯನ್ನು ಕಾಗದದಲ್ಲಿ ಬರೆದು ಕೊಡುವುದಕ್ಕಿಂತ ಕಣ್ಣಿನಿಂದ ಹೊಂದಿಸುವ ಈ ಕ್ರಮ ಹೆಚ್ಚು ನಂಬಿಕೆಯದು: ಕತ್ತಲು ಮಾಡಿದ ಕೋಣೆಯಲ್ಲಿ ಒಂದು ಎಣ್ಣೆದೀಪ ಹಚ್ಚಿ, ಅದರ ಪಕ್ಕ ಒಂದು ಬಿಳಿ ಕಾಗದ ಹಿಡಿಯಿರಿ, ಅಂಥದೇ ಇನ್ನೊಂದು ಕಾಗದದ ಮೇಲೆ ಎಲ್‌ಇಡಿ ದೀಪವನ್ನು ಬಿಟ್ಟು, ಎರಡೂ ಕಾಗದ ಒಂದೇ ಬಣ್ಣವಾಗುವ ತನಕ ಕೆಂಪು, ಅಂಬರ್, ಹಸಿರುಗಳನ್ನು ಹೆಚ್ಚು ಕಡಿಮೆ ಮಾಡಿ. ನೀಲಿ ಬಹುಮಟ್ಟಿಗೆ ಸೊನ್ನೆಯಲ್ಲಿಯೇ ಉಳಿಯುತ್ತದೆ. ಬಂದ ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಆದರೆ ಬೇರೆ ತಯಾರಿಕೆಯ ದೀಪಕ್ಕೆ ಅದೇ ಅಂಕಿ ಹೊಂದೀತೆಂದು ನಂಬಬೇಡಿ.

ಜ್ವಾಲೆಯ ಬೆಳಕಿನಲ್ಲಿ ನೀಲಿಯ ಅಂಶ ಅತ್ಯಲ್ಪ. ಈ ಒಂದು ಕಾರಣದಿಂದ ವಸ್ತ್ರವಿನ್ಯಾಸಕರೊಡನೆ ಆರಂಭದಲ್ಲಿಯೇ ಕುಳಿತುಕೊಳ್ಳಬೇಕಾಗುತ್ತದೆ. ಅರಿಶಿನ, ಕಾವಿ, ಮಂಜಿಷ್ಠದ ಕೆಂಪು, ಬಂಗಾರ ಇವು ದೀಪದ ಬೆಳಕಿನಲ್ಲಿ ಅರಳುತ್ತವೆ. ನೀಲಿ ಕಪ್ಪಿಗೂ, ಹಸಿರು ಕಂದಿಗೂ ತಿರುಗುತ್ತದೆ. ವರ್ತಕನ ಶಾಲು ನೀಲಿಯೇ ಆಗಬೇಕೆಂದಿದ್ದರೆ ಅವನಿರುವಲ್ಲಿ ಒಂದು ಬದಿಯಿಂದ ಆಕಾಶದ ತಣ್ಣನೆಯ ಬೆಳಕು ಬರುವಂತೆ ದೃಶ್ಯವನ್ನು ಕೂಡಿಸಬೇಕು. ಅಚ್ಚ ಬಿಳಿ ಪಂಚೆ ಎಲ್ಲ ಬೆಳಕನ್ನೂ ಹಿಂದಕ್ಕೆ ಎಸೆದು ನಟನ ಮುಖವನ್ನು ಮಂಕಾಗಿಸುತ್ತದೆ. ಬಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದರೆ ಕಣ್ಣಿಗೆ ಹಿತವಾದ ಕೋರಾ ಬಣ್ಣ ಬರುತ್ತದೆ, ಕಾಲಕ್ಕೂ ಅದೇ ಹೊಂದುತ್ತದೆ. ಬಟ್ಟೆಯ ತುಂಡುಗಳನ್ನು ಮತ್ತು ಮುಖವರ್ಣಿಕೆಯ ಬಣ್ಣಗಳನ್ನು ನಿಜವಾದ ರಂಗಬೆಳಕಿನಡಿ ನೋಡದೆ ಯಾವುದನ್ನೂ ಅಂತಿಮಗೊಳಿಸಬಾರದು.

ಸಭಾಂಗಣ, ವಿದ್ಯುತ್ತು ಮತ್ತು ಕಡಲ ಗಾಳಿ

ಮಂಗಳೂರಿನ ಪುರಭವನವಾಗಲಿ, ಡಾನ್ ಬಾಸ್ಕೊ ಸಭಾಂಗಣವಾಗಲಿ, ಉಡುಪಿಯ ಎಂಜಿಎಂ ಕಾಲೇಜಿನ ಮುದ್ದಣ ಮಂಟಪದಂಥ ಬಯಲು ರಂಗವಾಗಲಿ, ಸ್ಥಳವನ್ನು ಒಮ್ಮೆ ಹಗಲಿನಲ್ಲಿ, ಒಮ್ಮೆ ಪ್ರದರ್ಶನದ ಹೊತ್ತಿನಲ್ಲಿ ಹೋಗಿ ನೋಡಬೇಕು. ಅಳತೆಪಟ್ಟಿ ಹಿಡಿದು ರಂಗದ ಅಗಲ, ಆಳ, ಮುಂಚೌಕಟ್ಟಿನ ಎತ್ತರ, ದೀಪ ತೂಗಿಸಬಹುದಾದ ಕಂಬಿಗಳ ಜಾಗ, ಮೊದಲ ಸಾಲಿನ ಮತ್ತು ಕೊನೆಯ ಸಾಲಿನ ದೂರ ಬರೆದುಕೊಳ್ಳಿ. ಪ್ರೇಕ್ಷಕರ ಮೇಲಿನ ಕಂಬಿಯಲ್ಲಿ ದೀಪ ಕಟ್ಟಲು ಅವಕಾಶವಿಲ್ಲದಿದ್ದರೆ ಎರಡು ಬದಿಗೆ ಎತ್ತರದ ಸ್ಟ್ಯಾಂಡುಗಳು ಬೇಕಾಗುತ್ತವೆ. ಬಯಲಿನಲ್ಲಿ ಆಕಾಶ ಪೂರ್ತಿ ಕಪ್ಪಾಗುವ ಮೊದಲೇ ನಾಟಕ ಆರಂಭಿಸಿದರೆ ಮೊದಲ ಇಪ್ಪತ್ತು ನಿಮಿಷದ ಶ್ರಮ ವ್ಯರ್ಥ.

ವಿದ್ಯುತ್ತಿನ ಲೆಕ್ಕವನ್ನು ಕಾಗದದ ಮೇಲೆ ಮಾಡಲೇಬೇಕು. ವಾಟ್ ಅನ್ನು 230ರಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. 1000 ವಾಟಿನ ಒಂದು ಪಾರ್ ದೀಪ 4.3 ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ಹನ್ನೆರಡು ದೀಪ ಸೇರಿದರೆ 52 ಆಂಪಿಯರ್. ಮೂರು ಫೇಸಿಗೆ ಹಂಚಿದರೂ ಒಂದೊಂದಕ್ಕೆ ನಾಲ್ಕು ದೀಪ, ಅಂದರೆ 17 ಆಂಪಿಯರ್ ಮೀರುತ್ತದೆ. ಗೋಡೆಯ 16 ಆಂಪಿಯರಿನ ಸಾಕೆಟ್ಟಿನಿಂದ ಅದನ್ನು ಎಳೆಯುವಂತಿಲ್ಲ. ಪರವಾನಗಿ ಇರುವ ವಿದ್ಯುತ್ ಕೆಲಸಗಾರರಿಂದ ಮುಖ್ಯ ಫಲಕದಿಂದಲೇ ಬೇರೆ ತಂತಿ, ಸರಿಯಾದ ಅರ್ತಿಂಗ್, ಹೊರೆ ಹೆಚ್ಚಾದರೆ ತಾನೇ ಕಡಿತಗೊಳ್ಳುವ ಎಂಸಿಬಿ ಸ್ವಿಚ್ ಹಾಕಿಸಿಕೊಳ್ಳಬೇಕು. ಒಮ್ಮೆ ನಮ್ಮ ತಂಡದ ಪ್ರದರ್ಶನದಲ್ಲಿ ಈ ಲೆಕ್ಕವನ್ನು ಬಾಯಿಮಾತಿಗೆ ಬಿಟ್ಟಿದ್ದರಿಂದ ಎರಡನೆಯ ಅಂಕದ ನಡುವೆ ಒಂದು ಫೇಸ್ ಬಿದ್ದು, ನಾಯಕಿ ಅರ್ಧ ಹಾಡನ್ನು ಒಂದೇ ಬದಿಯ ಬೆಳಕಿನಲ್ಲಿ ಹಾಡಬೇಕಾಯಿತು. ಆಕೆ ಎದೆಗುಂದದೆ ಹಾಡಿದರು. ಆದರೆ ಆ ಹೊಣೆಯನ್ನು ಹಾಡುವವರ ಮೇಲೆ ಹಾಕುವ ಹಕ್ಕು ನಮಗಿರಲಿಲ್ಲ.

ಸಂಗೀತ ನಾಟಕದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಡಿಮ್ಮರುಗಳು ಧ್ವನಿವರ್ಧಕದಲ್ಲಿ ಗುಂಯ್ ಎಂಬ ಸದ್ದನ್ನು ತರುತ್ತವೆ, ತಂಬೂರಿಯ ಶ್ರುತಿಯ ಜೊತೆ ಅದು ಕೇಳಿದರೆ ಸಹಿಸಲಾಗದು. ಧ್ವನಿಗೂ ಬೆಳಕಿಗೂ ಬೇರೆ ಬೇರೆ ಫೇಸ್ ಕೊಡಿ, ಮೈಕಿನ ತಂತಿ ಮತ್ತು ಡಿಮ್ಮರಿನ ತಂತಿ ಜೊತೆಜೊತೆಯಾಗಿ ಓಡದಂತೆ ನೋಡಿಕೊಳ್ಳಿ. ದಾಟಲೇಬೇಕಾದಲ್ಲಿ ಅಡ್ಡಕ್ಕೆ, ಲಂಬಕೋನದಲ್ಲಿ ದಾಟಿಸಿ. ನಮ್ಮ ಕಡಲ ಬದಿಯ ಗಾಳಿ ಉಪ್ಪು ಮತ್ತು ತೇವದಿಂದ ಕೂಡಿದ್ದು, ಪ್ಲಗ್ಗುಗಳ ಹಿತ್ತಾಳೆಗೆ ಕಿಲುಬು ಹತ್ತಿಸುತ್ತದೆ. ಬಾಡಿಗೆ ದೀಪ ಬಂದ ಕೂಡಲೇ ಪ್ರತಿ ಪ್ಲಗ್ ಮತ್ತು ಕನೆಕ್ಟರನ್ನು ಒರೆಸಿ ಪರೀಕ್ಷಿಸುವುದಕ್ಕೆ ಒಬ್ಬರನ್ನು ನೇಮಿಸಿ.

ನಕ್ಷೆ, ವಲಯ, ಕೋನ

ರಂಗದ ಮೇಲಿನಿಂದ ಕಾಣುವ ನಕ್ಷೆಯನ್ನೂ ಬದಿಯಿಂದ ಕಾಣುವ ಸೀಳುನೋಟವನ್ನೂ 1:50ರ ಪ್ರಮಾಣದಲ್ಲಿ ಬರೆದುಕೊಳ್ಳಿ. ಮೂವತ್ತು ಅಡಿ ಅಗಲ, ಇಪ್ಪತ್ತು ಅಡಿ ಆಳದ ರಂಗವನ್ನು ಮುಂದೆ ಮೂರು, ಹಿಂದೆ ಮೂರು ಎಂದು ಆರು ವಲಯ ಮಾಡಿದರೆ ಕೆಲಸಕ್ಕೆ ಸಾಕು. ಅಮೆರಿಕದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್‌ಲೆಸ್ 1930ರ ದಶಕದಲ್ಲಿ ಕ್ರಮಬದ್ಧಗೊಳಿಸಿದ ಪದ್ಧತಿಯಂತೆ ಪ್ರತಿ ವಲಯಕ್ಕೆ ಎದುರಿನಿಂದ ಎಡಕ್ಕೊಂದು ಬಲಕ್ಕೊಂದು ದೀಪವನ್ನು ಸುಮಾರು 45 ಡಿಗ್ರಿ ಕೋನದಲ್ಲಿ ಬಿಟ್ಟು, ಒಂದನ್ನು ಬೆಚ್ಚಗೆ ಇನ್ನೊಂದನ್ನು ತಣ್ಣಗೆ ಇಡುವುದು ಈಗಲೂ ಎಲ್ಲೆಡೆ ಕಲಿಸುವ ಆರಂಭದ ಪಾಠ. ಮಧ್ಯಯುಗದ ನಾಟಕಕ್ಕೆ ನಾನು ಇದನ್ನು ಒಂದು ತಿದ್ದುಪಡಿಯೊಡನೆ ಬಳಸುತ್ತೇನೆ: ದೃಶ್ಯದ ಮೂಲ ಯಾವ ಬದಿಗಿದೆಯೋ ಆ ಬದಿಯ ದೀಪ ಮುಖ್ಯ, ಇನ್ನೊಂದು ಬದಿಯದು ಅದರ ಮೂರನೆಯ ಒಂದು ಪಾಲನ್ನು ಮೀರಬಾರದು. ಎರಡೂ ಸಮವಾದ ಕ್ಷಣದಲ್ಲಿಯೇ ಮೂಲ ಕಳೆದುಹೋಗುತ್ತದೆ.

ಮುಂಡಾಸು, ಕಿರೀಟ, ತಲೆಯ ಮೇಲಿನ ಹೊರೆ ಇರುವ ಪಾತ್ರಗಳಿಗೆ 45 ಡಿಗ್ರಿಯ ಬೆಳಕು ಕಣ್ಣಿನ ಮೇಲೆ ನೆರಳು ಕವಿಸುತ್ತದೆ. ದೀವಟಿಗೆಯ ಕಾಲದಲ್ಲಿ ಈ ತೊಂದರೆಯಿರಲಿಲ್ಲ, ಏಕೆಂದರೆ ಜ್ವಾಲೆ ಮುಖದ ಮಟ್ಟದಲ್ಲಿತ್ತು. ನಾವೂ ಹಾಗೆಯೇ ರಂಗದ ಮುಂಭಾಗದ ಎರಡೂ ತುದಿಗಳಲ್ಲಿ, ನಿಂತ ಮನುಷ್ಯನ ಭುಜದ ಎತ್ತರಕ್ಕೆ, 204ನೆಯ ಹಾಳೆ ಹಾಕಿದ ಸಣ್ಣ ಫ್ರೆನೆಲ್ ದೀಪಗಳನ್ನು (ಅಂಚು ಮೆತ್ತಗಿನ ಬೆಳಕು ಬಿಡುವ ದೀಪಗಳು) ಇಟ್ಟು ಹದಿನೈದು ಇಪ್ಪತ್ತು ಶೇಕಡಾದಲ್ಲಿ ಉರಿಸಿದರೆ ಕಣ್ಣು ಹೊಳೆಯುತ್ತದೆ. ಬೆಳಕಿನ ದೂರ ಇಮ್ಮಡಿಯಾದರೆ ಅದರ ತೀವ್ರತೆ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ ಎಂಬ ನಿಯಮ ಇಲ್ಲಿ ನಮಗೆ ಅನುಕೂಲವೇ. ಹತ್ತಿರದ ಸಣ್ಣ ದೀಪದಿಂದ ನಟ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅವನು ನಿಜಕ್ಕೂ ಕತ್ತಲಿಗೆ ಸರಿದಂತೆ ಕಾಣುತ್ತಾನೆ, ದೂರದ ದೊಡ್ಡ ದೀಪದಲ್ಲಿ ಅದು ಸಾಧ್ಯವಿಲ್ಲ.

ಹಿಂಬೆಳಕನ್ನು ಮರೆಯಬಾರದು. ಹಿಂದಿನಿಂದ ಭುಜದ ಅಂಚಿಗೆ ತೆಳುವಾಗಿ ಬೀಳುವ ಬೆಳಕು ನಟನನ್ನು ಕಪ್ಪು ಪರದೆಯಿಂದ ಬಿಡಿಸಿ ಕೊಡುತ್ತದೆ, ಆಗ ಎದುರು ಬೆಳಕನ್ನು ಧೈರ್ಯವಾಗಿ ಇಳಿಸಬಹುದು.

ಅಲುಗಾಡುವ ಜ್ವಾಲೆ

ಒಂದೇ ದೀಪವನ್ನು ಮೇಲೆ ಕೆಳಗೆ ಮಾಡಿದರೆ ಅದು ಕೆಟ್ಟ ಬಲ್ಬಿನಂತೆ ಕಾಣುತ್ತದೆ. ಮೂರು ದೀಪಗಳನ್ನು ಒಂದೇ ಕಡೆಯಿಂದ, ಒಂದು ಗೇಣಿನ ಅಂತರದಲ್ಲಿ ಇಡಿ. ಮೊದಲನೆಯದು ಅರವತ್ತು ಶೇಕಡಾದಲ್ಲಿ ಕದಲದೆ ಉರಿಯಲಿ. ಎರಡನೆಯದು ಇಪ್ಪತ್ತರಿಂದ ನಲವತ್ತೈದರ ನಡುವೆ, ಮೂರನೆಯದು ಹತ್ತರಿಂದ ಮೂವತ್ತರ ನಡುವೆ ಓಡಾಡಲಿ. ಒಂದು ಮಟ್ಟದಿಂದ ಇನ್ನೊಂದಕ್ಕೆ ಹೋಗುವ ಸಮಯ ಒಮ್ಮೆ 0.2 ಸೆಕೆಂಡ್, ಒಮ್ಮೆ 0.7 ಸೆಕೆಂಡ್ ಎಂಬಂತೆ ಏರುಪೇರಾಗಿರಲಿ, ಎರಡರ ಸುತ್ತು ಎಂದಿಗೂ ಒಟ್ಟಿಗೆ ಮುಗಿಯದಿರಲಿ. ದೀಪಗಳ ಜಾಗ ಬೇರೆ ಬೇರೆಯಾದ್ದರಿಂದ ಬೆಳಕಿನ ಜೊತೆ ನೆರಳೂ ಸ್ವಲ್ಪ ಕದಲುತ್ತದೆ. ಜ್ವಾಲೆಯ ಗುರುತು ಇರುವುದು ಆ ನೆರಳಿನ ಕದಲಿಕೆಯಲ್ಲಿ. ಹ್ಯಾಲೋಜನ್ನಿನ ತಂತಿ ತಡವಾಗಿ ತಣಿಯುವುದರಿಂದ ಏರಿಳಿತ ತಾನೇ ಮೃದುವಾಗುತ್ತದೆ, ಎಲ್‌ಇಡಿಯಲ್ಲಿ ಆ ಮೃದುತ್ವವನ್ನು ನಾವೇ ತುಂಬಬೇಕು.

ಗಂಭೀರವಾದ ಹಾಡು ನಡೆಯುವಾಗ ಈ ಅಲುಗಾಟವನ್ನು ಬಹುಮಟ್ಟಿಗೆ ನಿಲ್ಲಿಸಿಬಿಡಿ. ಗಾಳಿಯಿಲ್ಲದ ಕೋಣೆಯಲ್ಲಿ ಬತ್ತಿ ಅಲುಗದೆ ಉರಿಯುವುದನ್ನು ಎಲ್ಲರೂ ಕಂಡಿದ್ದಾರೆ. ಬಾಗಿಲು ತೆರೆದಾಗ, ಯಾರಾದರೂ ಬಿರುಸಾಗಿ ಹಾದುಹೋದಾಗ ಮಾತ್ರ ಅದು ನಡುಗಲಿ. ಹಾಗೆ ಮಾಡಿದರೆ ನಡುಕಕ್ಕೆ ಕಥೆಯಲ್ಲಿ ಅರ್ಥ ಬರುತ್ತದೆ.

ನಿಜವಾದ ಬೆಂಕಿಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಸಭಾಂಗಣದ ಲಿಖಿತ ಅನುಮತಿ ಇಲ್ಲದೆ ಒಂದು ಹಣತೆಯನ್ನೂ ಹಚ್ಚಬಾರದು. ಅನುಮತಿ ಇದ್ದರೂ ನೆಲದಲ್ಲಿ ಸ್ಥಿರವಾಗಿ ನಿಂತ ಒಂದೆರಡು ದೀಪಗಳಿಗೆ ಮಾತ್ರ ನಾನು ಒಪ್ಪುತ್ತೇನೆ. ನೈಲಾನ್ ಜರಿಯ ಸೀರೆ, ಸಿಂಥೆಟಿಕ್ ಪರದೆಗಳಿಂದ ಕನಿಷ್ಠ ಆರು ಅಡಿ ದೂರ, ರಂಗದ ಎರಡೂ ಬದಿಗೆ ಮರಳಿನ ಬಕೆಟ್ಟು, ಬೆಂಕಿ ಆರಿಸುವ ಸಿಲಿಂಡರ್ ಮತ್ತು ಅದನ್ನು ಬಳಸಲು ಬಲ್ಲ ಒಬ್ಬ ವ್ಯಕ್ತಿ ಇರಬೇಕು. ಸಭಾಂಗಣದ ಒಳಗೆ ಸೂಟೆ ಉರಿಸುವುದು ಸಲ್ಲದು. ಮೆರವಣಿಗೆಗೆ ಬ್ಯಾಟರಿಯ ಅಂಬರ್ ಎಲ್‌ಇಡಿಯನ್ನು ತೆಳು ರೇಷ್ಮೆಯ ಒಳಗಿಟ್ಟ ಕೃತಕ ಪಂಜುಗಳನ್ನು ಕೊಟ್ಟು, ಅವು ಹಾದುಹೋಗುವ ದಾರಿಯಲ್ಲಿ ಪಕ್ಕದ ದೀಪಗಳನ್ನು ಒಂದರ ಬಳಿಕ ಒಂದು ಏರಿಸಿ ಇಳಿಸಿದರೆ, ಪಂಜಿನಿಂದಲೇ ಬೆಳಕು ಬಿದ್ದಂತೆ ಕಾಣುತ್ತದೆ. ಈ ಭ್ರಮೆಗೆ ಬೇಕಾದದ್ದು ಅಭ್ಯಾಸ ಮಾತ್ರ. ಬಂಗಾಳದ ತಾಪಸ್ ಸೇನ್ 1959ರಲ್ಲಿ ಉತ್ಪಲ್ ದತ್ತರ ನಾಟಕವೊಂದರಲ್ಲಿ ಕಲ್ಲಿದ್ದಲ ಗಣಿಗೆ ನೀರು ನುಗ್ಗುವುದನ್ನು ಬರಿಯ ಬೆಳಕಿನಿಂದ ತೋರಿಸಿದ್ದರು. ಅದನ್ನು ನೆನೆದಾಗಲೆಲ್ಲ ದುಬಾರಿ ಉಪಕರಣದ ಆಸೆ ನನ್ನಲ್ಲಿ ಕಡಿಮೆಯಾಗುತ್ತದೆ.

ನಾಲ್ಕು ದೃಶ್ಯಗಳು

ಬಸದಿಯ ಒಳಗಿನ ದೃಶ್ಯ ಇಡೀ ನಾಟಕದ ಹೃದಯ. ಸಾವಿರ ಕಂಬದ ಬಸದಿಯ ಒಳಕ್ಕೆ ಹೋದವರಿಗೆ ಗೊತ್ತು, ಹೊರಗಿನ ಬಿಸಿಲು ಕಂಬಗಳ ಸಾಲನ್ನು ದಾಟುತ್ತ ದಾಟುತ್ತ ತೆಳುವಾಗಿ, ಗರ್ಭಗುಡಿಯ ಹತ್ತಿರ ದೀಪದ ಬೆಳಕಿಗೆ ಜಾಗ ಬಿಟ್ಟುಕೊಡುತ್ತದೆ. ರಂಗದ ಮೇಲೆ ಇದನ್ನು ಮೂರು ಪದರವಾಗಿ ಮಾಡಬೇಕು. ಪ್ರೇಕ್ಷಕರ ಕಡೆಯ ಒಂದು ಮೂಲೆಯಿಂದ ಬಾಗಿಲಿನ ಬೆಳಕು ಪ್ರೊಫೈಲ್ ದೀಪದ (ಚೂಪಾದ ಅಂಚಿನ ಬೆಳಕು ಬಿಡುವ ದೀಪ) ಕತ್ತರಿಗಳಿಂದ, ಅಂದರೆ ಬೆಳಕಿನ ಅಂಚನ್ನು ಕತ್ತರಿಸುವ ತಗಡುಗಳಿಂದ, ಉದ್ದನೆಯ ಆಯತವಾಗಿ ನೆಲದ ಮೇಲೆ ಮಲಗಲಿ, ಬಣ್ಣದ ಹಾಳೆ ಬೇಡ. ನಡುವೆ ಪಕ್ಕದ ಬೆಳಕು ಕಂಬಗಳ ಒಂದೇ ಮಗ್ಗುಲನ್ನು ಮುಟ್ಟಲಿ. ಇನ್ನೊಂದು ಮಗ್ಗುಲು ಕಪ್ಪಾಗಿ ಉಳಿದಾಗಲೇ ನಾಲ್ಕು ಕಂಬಗಳು ನಲವತ್ತರಂತೆ ತೋರುತ್ತವೆ. ಕೊನೆಯಲ್ಲಿ ದೀಪದ 2100 ಕೆಲ್ವಿನ್ನಿನ ಸಣ್ಣ ವಲಯ. ಶಿಲ್ಪಿಯ ಮಗಳು ಹಾಡುತ್ತ ಬಾಗಿಲಿನಿಂದ ಗರ್ಭಗುಡಿಯ ಕಡೆಗೆ ನಡೆದರೆ ಹಗಲಿನಿಂದ ದೀಪಕ್ಕೆ ಅವಳೇ ನಡೆದಂತಾಗುತ್ತದೆ, ಬೆಳಕು ಬದಲಿಸುವ ಸೂಚನೆ, ಅಂದರೆ ಕ್ಯೂ, ಒಂದು ಕೂಡ ಬೇಕಾಗುವುದಿಲ್ಲ.

ಬೆಳದಿಂಗಳು ವಾಸ್ತವದಲ್ಲಿ ನೀಲಿಯಲ್ಲ, ಅದರ ವರ್ಣತಾಪ ಸುಮಾರು 4100 ಕೆಲ್ವಿನ್. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ನೀಲಿಗೆ ಹೆಚ್ಚು ಸ್ಪಂದಿಸುವುದರಿಂದ ಹಾಗೆ ತೋರುತ್ತದೆ. ಆದ್ದರಿಂದ ಹ್ಯಾಲೋಜನ್ನಿಗೆ ಲೀ 202 ಅಥವಾ 201ನೆಯ ಹಾಳೆ ಸಾಕು, ಕಡುನೀಲಿ ಬೇಡ. ಚಂದ್ರ ಒಬ್ಬನೇ, ನೆರಳೂ ಒಂದೇ ದಿಕ್ಕಿಗೆ ಬೀಳಬೇಕು. ಹಿಂದಿನ ಒಂದು ಮೂಲೆಯ ಎತ್ತರದಿಂದ ಒಂದೇ ಬಲವಾದ ದೀಪವನ್ನು ಬಿಡಿ.

ಮಳೆಗಾಲದ ಮನೆಗೆ ಮಿಂಚಿಗಿಂತ ಮೋಡ ಮುಖ್ಯ. ಆಟಿಯ (ಮಳೆಗಾಲದ ತುಳು ತಿಂಗಳು) ಹಗಲು ಬೂದು ಬಣ್ಣದ್ದು, ನೆರಳೇ ಇಲ್ಲದ್ದು. ಪರದೆಗೆ ಬಡಿದು ಪುಟಿದ ತಣ್ಣನೆಯ ಬೆಳಕನ್ನು ಬಳಸಿ, ಅದರ ಒಳಗೆ ಒಲೆಯ ಕೆಂಪನ್ನು ಮಾತ್ರ ಬೆಚ್ಚಗಿಡಿ. ನಸುಕಿನ ಬಂದರಿನ ವಿಷಯದಲ್ಲಿ ನೆನಪಿಡಬೇಕಾದದ್ದು ನಮ್ಮ ಭೂಗೋಳ: ಇಲ್ಲಿ ಸೂರ್ಯ ಮೂಡುವುದು ಘಟ್ಟದ ಕಡೆಯಿಂದ, ಮುಳುಗುವುದು ಕಡಲಿಗೆ. ಕಡಲು ಯಾವ ಬದಿ ಎಂದು ನಿರ್ಧರಿಸಿದ ಮೇಲೆ ಬೆಳಗು ಅದರ ಎದುರು ಬದಿಯಿಂದಲೇ ಬರಬೇಕು.

ತಾಳಕ್ಕೆ ಬೆಳಕು

ಮಾತಿನ ನಾಟಕದಲ್ಲಿ ಬೆಳಕಿನ ಬದಲಾವಣೆಯನ್ನು ಸೆಕೆಂಡಿನಲ್ಲಿ ಅಳೆಯಬಹುದು. ಸಂಗೀತ ನಾಟಕದಲ್ಲಿ ಆವರ್ತನದಲ್ಲಿ, ಅಂದರೆ ತಾಳದ ಸುತ್ತಿನಲ್ಲಿ, ಅಳೆಯಬೇಕು. ಆದಿತಾಳಕ್ಕೆ ಎಂಟು ಅಕ್ಷರ. ನಿಮಿಷಕ್ಕೆ 60 ಅಕ್ಷರದ ನಡೆಯಲ್ಲಿ ಒಂದು ಆವರ್ತನ ಎಂಟು ಸೆಕೆಂಡ್. ಹತ್ತು ಅಕ್ಷರದ ಝಂಪೆಯನ್ನು ನಿಮಿಷಕ್ಕೆ 120ರಂತೆ ಹಿಡಿದರೆ ಒಂದು ಸುತ್ತು ಐದು ಸೆಕೆಂಡ್. ಪಲ್ಲವಿಯ ಎರಡು ಆವರ್ತನಗಳಲ್ಲಿ ಬೆಳಕು ಅರಳಬೇಕೆಂದರೆ ಮೊದಲ ಲೆಕ್ಕದಲ್ಲಿ 16 ಸೆಕೆಂಡ್ ಎಂದು ಬೆಳಕು ನಿಯಂತ್ರಿಸುವ ಬೋರ್ಡಿನಲ್ಲಿ ತುಂಬಿ. ಬದಲಾವಣೆ ತಾಳದ ಮೊದಲ ಪೆಟ್ಟಾದ ಸಮದ ಮೇಲೆಯೇ ಮುಗಿಯಬೇಕು. ಅರ್ಧ ಅಕ್ಷರ ಈಚೆ ಆಚೆಯಾದರೂ, ಕಾರಣ ತಿಳಿಯದ ಪ್ರೇಕ್ಷಕನಿಗೂ ಏನೋ ತಪ್ಪಿದಂತೆ ಅನಿಸುತ್ತದೆ. ಆದರೆ ಗಾಯಕರ ಅಂದಿನ ನಡೆ ತಾಲೀಮಿನ ನಡೆಗಿಂತ ಬೇರೆಯಾಗಿರಬಹುದು. ಆದ್ದರಿಂದ ಉದ್ದನೆಯ ಬದಲಾವಣೆಯನ್ನು ಎರಡು ಮೂರು ಸಣ್ಣ ಕ್ಯೂಗಳಾಗಿ ಒಡೆದು, ಪ್ರತಿಯೊಂದನ್ನೂ ಸಾಹಿತ್ಯದ ಒಂದೊಂದು ಅಕ್ಷರಕ್ಕೆ ಕಟ್ಟಿಕೊಳ್ಳುವುದು ಒಳ್ಳೆಯದು.

ಬೆಳಕು ನಿರ್ವಹಿಸುವವರಿಗೆ ತಾಳಜ್ಞಾನ ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಕೈಯಲ್ಲಿ ತಾಳ ಹಾಕಲು ಬರುವ ಹದಿನೆಂಟರ ಹುಡುಗಿಗೆ ಎರಡು ದಿನದಲ್ಲಿ ಬೋರ್ಡ್ ಕಲಿಸಬಹುದು. ಬೋರ್ಡ್ ಬಲ್ಲವರಿಗೆ ಎರಡು ದಿನದಲ್ಲಿ ತಾಳ ಬಾರದು. ಕ್ಯೂ ಹೇಳುವವರು ಒಂದು ಆವರ್ತನ ಮುಂಚೆ "ಸ್ಟ್ಯಾಂಡ್‌ಬೈ" ಹೇಳಬೇಕು; ಹ್ಯಾಲೋಜನ್ ದೀಪ ಏರಲು ಕ್ಷಣಕಾಲ ಬೇಕಾದ್ದರಿಂದ ಥಟ್ಟನೆಯ ಬದಲಾವಣೆಗಳಲ್ಲಿ "ಗೋ" ಎಂಬುದನ್ನು ಅಷ್ಟೇ ಮುಂಚಿತವಾಗಿ ಹೇಳಬೇಕು. ಚೆಂಡೆಯ ಪ್ರತಿ ಪೆಟ್ಟಿಗೂ ಬೆಳಕು ಮಿನುಗಿಸುವ ಆಸೆಯನ್ನು ತಡೆದುಕೊಳ್ಳಿ. ಯುದ್ಧದ ಒಂದು ಪದ್ಯದಲ್ಲಿ, ಮುಕ್ತಾಯದ ಕೊನೆಯ ಪೆಟ್ಟಿಗೆ ಒಮ್ಮೆ ಮಾತ್ರ ಹಾಗೆ ಮಾಡಿದರೆ ಅದಕ್ಕೆ ಬಲವಿರುತ್ತದೆ.

ಹಾಡುವವರ ಮುಖ, ಅದರಲ್ಲೂ ಬಾಯಿ, ಕೊನೆಯ ಸಾಲಿಗೆ ಕಾಣಬೇಕು; ತುಟಿ ಕಾಣದಿದ್ದರೆ ಸಾಹಿತ್ಯ ಕಿವಿಗೂ ಸರಿಯಾಗಿ ಸಿಗುವುದಿಲ್ಲ. ಕತ್ತಲನ್ನು ಉಳಿಸಿಕೊಂಡೇ ಇದನ್ನು ಸಾಧಿಸಲು ಕಿರಿದಾದ ಪ್ರೊಫೈಲ್ ದೀಪವೊಂದನ್ನು ಮೂಲದ ದಿಕ್ಕಿನಿಂದಲೇ, ಅಂಚು ಮೆತ್ತಗೆ ಮಾಡಿ, ತಲೆ ಮತ್ತು ಭುಜಕ್ಕಷ್ಟೇ ಬಿಡಿ. ವಾದ್ಯದವರು ರಂಗದ ಬದಿಯಲ್ಲಿ ಕಾಣುವಂತೆ ಕುಳಿತಿದ್ದರೆ ಅವರಿಗೂ ಅದೇ ಬೆಚ್ಚನೆಯ ಬಣ್ಣ ಕೊಡಿ, ಸ್ವರಲಿಪಿಯ ಸ್ಟ್ಯಾಂಡಿನ ಬಿಳಿ ದೀಪಗಳಿಗೆ ಅಂಬರ್ ಹಾಳೆ ಅಂಟಿಸಿ. ಇಲ್ಲದಿದ್ದರೆ ಬೆಳದಿಂಗಳ ದೃಶ್ಯದಲ್ಲಿ ಎಲ್ಲರ ಕಣ್ಣೂ ಕೀಬೋರ್ಡಿನ ಕಡೆಗೆ ಹೋಗುತ್ತದೆ.

ಜೋಡಣೆ, ತಾಲೀಮು, ಪ್ರದರ್ಶನ

ಬೋರ್ಡಿನಿಂದ ದೀಪಗಳಿಗೆ ಆಜ್ಞೆ ಒಯ್ಯುವ ಡಿಎಂಎಕ್ಸ್‌ನ ಒಂದು ಸಾಲಿನಲ್ಲಿ 512 ಚಾನೆಲ್‌ಗಳಿವೆ. ಎಂಟು ಚಾನೆಲ್ಲಿನ ಎಲ್‌ಇಡಿ ದೀಪಗಳಿಗೆ 1, 9, 17, 25 ಎಂದು ವಿಳಾಸ ಕೊಡುತ್ತ ಹೋಗಿ, ನಕ್ಷೆಯಲ್ಲಿಯೂ ದೀಪದ ಬೆನ್ನಿನ ಮೇಲೂ ಬರೆಯಿರಿ. ಸಾಲಿನ ಕೊನೆಯ ದೀಪಕ್ಕೆ 120 ಓಮ್‌ನ ಟರ್ಮಿನೇಟರ್ ಹಾಕದಿದ್ದರೆ ದೀಪಗಳು ಕಾರಣವಿಲ್ಲದೆ ಮಿನುಗಬಹುದು. ಮೇಲೆ ತೂಗುವ ಪ್ರತಿ ದೀಪಕ್ಕೂ ಹಿಡಿಯ ಜೊತೆ ಉಕ್ಕಿನ ಸುರಕ್ಷತಾ ತಂತಿ ಕಡ್ಡಾಯ. ಫೋಕಸ್ ಮಾಡುವಾಗ ನಟರೊಬ್ಬರು ಮುಂಡಾಸಿನೊಡನೆ ಪ್ರತಿ ವಲಯದಲ್ಲಿ ನಿಲ್ಲಬೇಕು. ಬರಿ ನೆಲವನ್ನು ನೋಡಿ ಫೋಕಸ್ ಮಾಡಿದ ದೀಪ ಮುಖವನ್ನು ತಪ್ಪಿಸುತ್ತದೆ. ಹೊಗೆ ಯಂತ್ರ ಬಳಸುವುದಾದರೆ ಫ್ಯಾನುಗಳನ್ನು ಮೊದಲು ನಿಲ್ಲಿಸಿ ನೋಡಿ, ಆಮೇಲೆ ಸೆಖೆಯಲ್ಲಿ ಕುಳಿತ ಪ್ರೇಕ್ಷಕರನ್ನೂ ನೆನೆದು ಪ್ರಮಾಣ ನಿರ್ಧರಿಸಿ. ಹಾಡುವವರ ಗಂಟಲಿಗೆ ಅದು ಹಿಡಿಸುತ್ತದೆಯೇ ಎಂದು ಕೇಳದೆ ಮುಂದುವರಿಯಬೇಡಿ.

ತಾಂತ್ರಿಕ ತಾಲೀಮಿಗೆ ಒಂದು ಪೂರ್ಣ ದಿನ ಇಡಿ. ಮೊದಲು ಮಾತು, ಹಾಡು ಬಿಟ್ಟು ಕ್ಯೂನಿಂದ ಕ್ಯೂಗೆ ಹೋಗುವುದು, ಬಳಿಕ ವಾದ್ಯದೊಡನೆ ಹಾಡುಗಳನ್ನು ಮಾತ್ರ, ಕೊನೆಗೆ ವೇಷಸಹಿತ ಪೂರ್ತಿ ನಾಟಕ. ವಿಡಿಯೊ ಚಿತ್ರೀಕರಣವಿದ್ದರೆ ಕ್ಯಾಮೆರಾದವರಿಗೆ ಬಿಳಿಯ ಹೊಂದಾಣಿಕೆಯನ್ನು 3200 ಕೆಲ್ವಿನ್ನಿಗೆ ಕಟ್ಟಿಹಾಕಲು ಹೇಳಿ. ತಾನಾಗಿ ಹೊಂದಿಕೊಳ್ಳಲು ಬಿಟ್ಟರೆ ಕ್ಯಾಮೆರಾ ನಮ್ಮ ದೀಪದ ಬಣ್ಣವನ್ನೆಲ್ಲ ಅಳಿಸಿ ಹಾಕುತ್ತದೆ.

ಪ್ರದರ್ಶನದ ಸಂಜೆ ಸಭಾಂಗಣದ ಟ್ಯೂಬ್‌ಲೈಟುಗಳನ್ನು ಒಮ್ಮೆಗೇ ಆರಿಸಿ ಕತ್ತಲ ದೃಶ್ಯ ತೆರೆದರೆ ಪ್ರೇಕ್ಷಕರಿಗೆ ಮೊದಲ ಎರಡು ನಿಮಿಷ ಏನೂ ಕಾಣುವುದಿಲ್ಲ, ಕಣ್ಣು ಕತ್ತಲಿಗೆ ಒಗ್ಗಲು ಹೊತ್ತು ಬೇಕು. ಆದ್ದರಿಂದ ಮೂರನೆಯ ಗಂಟೆಗೆ ಬಹಳ ಮೊದಲೇ ಸಾಲುಸಾಲಾಗಿ ದೀಪ ಆರಿಸುತ್ತ ಬನ್ನಿ. ರಂಗದ ಮೂಲೆಯಲ್ಲಿ ಒಂದು ಕಾಲುದೀಪ ಮಾತ್ರ ಉರಿಯುತ್ತಿರಲಿ, ತಂಬೂರಿ ಶ್ರುತಿ ಹಿಡಿಯಲಿ. ಜನ ಮಾತು ನಿಲ್ಲಿಸಿ ಆ ದೀಪವನ್ನು ನೋಡತೊಡಗಿದಾಗ ಮೊದಲ ಕ್ಯೂ ಕೊಡಿ.